ಜುಬ್ಬ ಎಲ್ಲೆಲ್ಲಿ ಸುತ್ತಿತು?

ಜುಬ್ಬ ಎಂಬ ಅರಬ್ಬಿ ಪದದ ಅಲೆದಾಟ ಹೇಳುವ ಮೊದಲು, ಇದ್ದಲ್ಲೇ ಉಳಿದ ಕೆಲವು ಅರಬ್ಬಿ ಹೆಸರುಗಳನ್ನು ನೋಡೋಣ. ದಕ್ಷಿಣ ಸ್ಪೇನಿನಲ್ಲಿ ಗ್ವಾದಲ್ಕಿವಿರ್ ಎಂಬ ನದಿ ಇದೆ. ಹೆಸರು ಬಿಡಿಸಿದರೆ ಒಳಗೆ ಅರಬ್ಬಿ ಕಾಣುತ್ತದೆ. 'ವಾದಿ' ಅಂದರೆ ಕಣಿವೆ, ಹೊಳೆ. 'ಅಲ್-ಕಬೀರ್' ಅಂದರೆ ದೊಡ್ಡದು. ಒಟ್ಟಿನಲ್ಲಿ ದೊಡ್ಡಹೊಳೆ! ಅರಬ್ಬಿಯ 'ವಾ' ಸ್ಪ್ಯಾನಿಷರ ಬಾಯಲ್ಲಿ 'ಗ್ವಾ' ಆಯಿತು, ಕಬೀರ್ ಹೋಗಿ ಕಿವಿರ್ ಆಯಿತು.

ಗ್ವಾದಿಯಾನಾ ನದಿಯ ಕಥೆ ನನಗೆ ಇನ್ನೂ ಇಷ್ಟ. ರೋಮನ್ನರು ಅದನ್ನು ಅನಾಸ್ ಎನ್ನುತ್ತಿದ್ದರು. ಅರಬ್ಬರು ಅದಕ್ಕೆ 'ವಾದಿ' ಸೇರಿಸಿದರು. ಸ್ಪ್ಯಾನಿಷರು ಆ ಹೆಸರಿನ ಮೊದಲಿಗೆ ತಮ್ಮ 'ರಿಯೊ' ಇಟ್ಟರು. ಅದರ ಅರ್ಥವೂ ನದಿಯೇ. ಹಳೆಯ ಪದದ ಅರ್ಥ ಮರೆತುಹೋದಾಗ ಹೀಗಾಗುತ್ತದೆ. ಸಹಾರಾ ಮರುಭೂಮಿ ಎನ್ನುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? 'ಸಹ್ರಾ' ಅಂದರೇನೇ ಮರುಭೂಮಿ.

711ರಲ್ಲಿ ಮುಸ್ಲಿಂ ಸೇನಾನಿ ತಾರಿಕ್ ಇಬ್ನ್ ಜಿಯಾದ್ ಸೇನೆಯೊಂದಿಗೆ ಬಂದಿಳಿದ ಬೆಟ್ಟ 'ಜಬಲ್ ತಾರಿಕ್', ಅಂದರೆ ತಾರಿಕನ ಬೆಟ್ಟ. ಅದೇ ಇಂದಿನ ಜಿಬ್ರಾಲ್ಟರ್. 1492ರಲ್ಲಿ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾ ಕೈತಪ್ಪಿ ಸ್ಪೇನಿನಲ್ಲಿ ಮುಸ್ಲಿಂ ಆಳ್ವಿಕೆ ಮುಗಿಯಿತು. ಹೆಸರುಗಳು ಮಾತ್ರ ಕದಲಲಿಲ್ಲ.

ಊರು, ಹೊಳೆಗಳ ಹೆಸರು ಇದ್ದಲ್ಲೇ ಇದ್ದು ಅರ್ಥ ಕಳೆದುಕೊಳ್ಳುತ್ತದೆ. ಬಟ್ಟೆಯ ಹೆಸರು ಹಾಗಲ್ಲ. ಅದು ವ್ಯಾಪಾರಿಗಳ ಮೂಟೆಯ ಜೊತೆ ಹೊರಡುತ್ತದೆ, ಹೋದಲ್ಲೆಲ್ಲ ಬೇರೆ ಉಡುಪಿಗೆ ಅಂಟಿಕೊಳ್ಳುತ್ತದೆ. ಮಸ್ಲಿನ್‌ಗೆ ಹೆಸರು ಕೊಟ್ಟದ್ದು ಇರಾಕಿನ ಮೋಸುಲ್ ನಗರ. ಮಾರ್ಕೊ ಪೋಲೊ ಹೇಳುವ ಮೋಸುಲ್ ಬಟ್ಟೆ ರೇಷ್ಮೆ ಮತ್ತು ಚಿನ್ನದ ಎಳೆಗಳದ್ದು. ಕೊನೆಗೆ ಆ ಹೆಸರಿನಿಂದ ಜಗತ್ತಿಗೆ ಪರಿಚಯವಾದದ್ದು ಢಾಕಾದ ತೆಳು ಹತ್ತಿ ಬಟ್ಟೆ.

ಎಲ್ಲಕ್ಕಿಂತ ಜಾಸ್ತಿ ಅಲೆದದ್ದು 'ಜುಬ್ಬ'. ಅರಬ್ಬರಲ್ಲಿ ಅದು ಅಗಲ ತೋಳಿನ, ಉದ್ದನೆಯ ಮೇಲಂಗಿ. ಇಟಲಿಯಲ್ಲಿ ಅದು 'ಜುಬ್ಬಾ' ಎಂಬ ಜಾಕೆಟ್ ಆಯಿತು. ಫ್ರಾನ್ಸಿನಲ್ಲಿ ಸೊಂಟದಿಂದ ಕೆಳಕ್ಕಿಳಿದು 'ಜ್ಯೂಪ್', ಅಂದರೆ ಹೆಂಗಸರ ಲಂಗ ಆಯಿತು. ರಷ್ಯನ್ನರ 'ಯುಬ್ಕಾ' ಕೂಡ ಲಂಗವೇ. ಪೋರ್ಚುಗೀಸರು ತಮ್ಮ ಬಿಗಿಯಾದ ಅಂಗಿಗೆ 'ಜಿಬಾಂವ್' ಎಂದರು. 16ನೇ ಶತಮಾನದಲ್ಲಿ ಅವರು ಜಪಾನ್ ತಲುಪಿದ ಮೇಲೆ ಆ ಪದ ಅಲ್ಲಿ 'ಜುಬಾನ್' ಆಗಿ, ಕಿಮೋನೊ ಒಳಗೆ ತೊಡುವ ಬಟ್ಟೆಗೆ ಹೆಸರಾಯಿತು.

ಇಷ್ಟೆಲ್ಲ ವೇಷಗಳ ನಡುವೆ ನಾವು ಪಂಚೆಯ ಮೇಲೆ ತೊಡುವ ಜುಬ್ಬವನ್ನು ನೋಡಿ. ಈಗಲೂ ಮೈಗೆ ಅಂಟದ, ಸಡಿಲವಾದ ಉದ್ದ ಅಂಗಿ. ಹೆಸರೂ ಹೆಚ್ಚುಕಡಿಮೆ ಅರಬ್ಬರು ಕರೆದದ್ದೇ.