ಓಡಲಾರದ ಬೇಟೆಗಾರನ ವಿಷ

ಸೀ ಅನೆಮೊನೆ ನೋಡಲು ಹೂವಿನ ಹಾಗಿದ್ದರೂ ಅದು ಪ್ರಾಣಿ. ಅದೂ ಬೇಟೆಯಾಡುವ ಪ್ರಾಣಿ. ಬಂಡೆಗೆ ಅಂಟಿಕೊಂಡು ಕೂತಿರುತ್ತದೆ. ಮೀನೋ ಸಿಗಡಿಯೋ ತಾಗಿದರೆ ಅದನ್ನು ಅಲ್ಲೇ ನಿಲ್ಲಿಸಬೇಕು. ತಪ್ಪಿಸಿಕೊಂಡರೆ ಬೆನ್ನಟ್ಟಿ ಹಿಡಿಯಲು ಆಗುವುದಿಲ್ಲ ಅಲ್ವಾ? ಹಾಗಾಗಿ ಅದರ ವಿಷ ನರಗಳನ್ನೇ ಹಿಡಿಯುತ್ತದೆ.

ಚುಚ್ಚುವುದು ಅದರ ತೋಳುಗಳಲ್ಲಿರುವ ಕುಟುಕು ಕೋಶಗಳು. ಒಂದೊಂದರಲ್ಲೂ ಸುರುಳಿ ಸುತ್ತಿದ ಟೊಳ್ಳು ದಾರ ಇರುತ್ತದೆ. ಅನೆಮೊನೆಯ ನೆಂಟ, ಸಿಹಿನೀರಿನ ಹೈಡ್ರಾದಲ್ಲಿ ಈ ಕೋಶ ಸಿಡಿಯುವುದನ್ನು ಜರ್ಮನಿಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು 2006ರಲ್ಲಿ ಪ್ರಕಟಿಸಿದರು. ಆ ದಾರದ ಬುಡದಲ್ಲಿರುವ ಮುಳ್ಳು ಹೊರಗೆ ಚಿಮ್ಮಲು ಬೇಕಾದದ್ದು ಸುಮಾರು 700 ನ್ಯಾನೊಸೆಕೆಂಡ್. ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಕಮ್ಮಿ!

ಒಳಗೆ ಹೋಗುವ ವಿಷದಲ್ಲಿ ಹತ್ತಾರು ಸಾಮಗ್ರಿಗಳಿವೆ. ಎಲ್ಲವನ್ನೂ ಸುಮ್ನೆ ‘ನರವಿಷದ ಕಿಣ್ವ’ ಎಂದುಬಿಟ್ಟರೆ ಮಜಾ ತಪ್ಪಿಹೋಗುತ್ತದೆ. ಕಿಣ್ವಗಳು, ಅಂದರೆ ಬೇರೆ ಅಣುಗಳನ್ನು ಕತ್ತರಿಸುವ ಇಲ್ಲವೇ ಬದಲಿಸುವ ಪ್ರೋಟೀನುಗಳು ಇವೆ, ನಿಜ. ಫಾಸ್ಫೊಲೈಪೇಸ್ ಎ2 ಅವುಗಳಲ್ಲೊಂದು. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳನ್ನು ಅದು ಕತ್ತರಿಸುತ್ತದೆ. ಒಂದು ಮುಗಿದರೆ ಇನ್ನೊಂದು. ತಾನು ಮಾತ್ರ ಖರ್ಚಾಗುವುದಿಲ್ಲ. ಇದೇ ಬಳಗದ ಕಿಣ್ವ ಕಟ್ಟುಹಾವಿನ ವಿಷದಲ್ಲಿ ನರದ ತುದಿಯನ್ನೇ ಹಾಳುಮಾಡುತ್ತದೆ. ಅಲ್ಲಿ ‘ನರವಿಷದ ಕಿಣ್ವ’ ಎಂಬ ಮಾತು ಪೂರ್ತಿ ಒಪ್ಪುತ್ತದೆ.

ಅನೆಮೊನೆಯಲ್ಲಿ ನರಕ್ಕೆ ಬೀಳುವ ಮುಖ್ಯ ಏಟು ಕಿಣ್ವದ್ದಲ್ಲ, ಕಿಣ್ವವಲ್ಲದ ಪುಟ್ಟ ಪ್ರೋಟೀನುಗಳದ್ದು. ಮೆಡಿಟರೇನಿಯನ್ ತೀರದ ಅನೆಮೋನಿಯಾ ವಿರಿಡಿಸ್‌ನಲ್ಲಿ ಸಿಗುವ ಎಟಿಎಕ್ಸ್-2 ಎಂಬುದರಲ್ಲಿ ಬರೀ 47 ಅಮೈನೊ ಆಮ್ಲಗಳಿವೆ. ಇದು ಏನನ್ನೂ ಕತ್ತರಿಸುವುದಿಲ್ಲ. ನರಕೋಶದ ಪೊರೆಯಲ್ಲಿ ಸೋಡಿಯಂ ಒಳಬರುವ ಬಾಗಿಲುಗಳಿರುತ್ತವೆ. ಸಂಕೇತ ಬಂದಾಗ ತೆರೆದು, ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಚ್ಚಿಕೊಳ್ಳುತ್ತವೆ. ಎಟಿಎಕ್ಸ್-2 ಹೋಗಿ ಕೂತರೆ ಬಾಗಿಲು ಬೇಗ ಮುಚ್ಚುವುದಿಲ್ಲ. ಸೋಡಿಯಂ ನುಗ್ಗುತ್ತಲೇ ಇರುತ್ತದೆ, ಸಂಕೇತ ಎಳೆದುಕೊಂಡು ಹೋಗುತ್ತದೆ. ಈ ವಿಷ ಹೊಕ್ಕ ಏಡಿಯ ಸ್ನಾಯುಗಳು ಸೆಟೆದುಕೊಂಡು, ಅದು ಕದಲದಂತಾಗುತ್ತದೆ.

ಕೆರಿಬಿಯನ್ ಕಡಲಿನ ಇನ್ನೊಂದು ಅನೆಮೊನೆಗೆ ಬೇರೆ ಉಪಾಯ. ಅದರ ಶೆಕೆ ಎಂಬ ವಿಷ ನರಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಗೇ ಅಡ್ಡ ಕೂರುತ್ತದೆ. ಅಂಥದ್ದೇ ಒಂದು ದಾರಿ ನಮ್ಮ ರೋಗನಿರೋಧಕ ಟಿ ಕೋಶಗಳಲ್ಲೂ ಇದೆ. ಅದನ್ನು ಮುಚ್ಚಿದರೆ, ನಮ್ಮ ಮೈಮೇಲೇ ತಿರುಗಿಬಿದ್ದ ಟಿ ಕೋಶಗಳ ಅಬ್ಬರ ತಗ್ಗುತ್ತದೆ. ಈ ಗುಣ ನೋಡಿ ವಿಜ್ಞಾನಿಗಳು ಶೆಕೆಯನ್ನು ಸ್ವಲ್ಪ ತಿದ್ದಿ ಡಾಲಜಟೈಡ್ ಎಂಬ ಔಷಧಿ ರೂಪಿಸಿದರು. ಟಿ ಕೋಶಗಳು ಹೀಗೆ ತಿರುಗಿಬೀಳುವ ಚರ್ಮರೋಗವಾದ ಸೋರಿಯಾಸಿಸ್‌ನ ರೋಗಿಗಳ ಮೇಲೆ ಅದರ ಆರಂಭದ ಹಂತದ ಪರೀಕ್ಷೆಯೂ ನಡೆದಿದೆ.