ಮಾವಿನ ಲೇಬಲ್ ಯಾಕೆ ಕೆಂಪು ಹೊಡೆಯುತ್ತೆ?

ಪ್ರಶ್ನೆ: ಶ್ರೀನಿವಾಸಪುರದಲ್ಲಿ ನಮ್ಮದು ಡಿಟಿಪಿ ಅಂಗಡಿ. ಮಾವಿನ ಬಾಕ್ಸಿಗೆ ಲೇಬಲ್ ಹಾಕಿಕೊಡ್ತೀವಿ. ಸ್ಕ್ರೀನಲ್ಲಿ ಬಾದಾಮಿ ಹಣ್ಣು ಒಳ್ಳೇ ಹಳದಿ, ಇಂಕ್‌ಟ್ಯಾಂಕ್ ಪ್ರಿಂಟರಲ್ಲಿ ಕೆಂಪು ಹೊಡೆಯುತ್ತೆ. ಬಣ್ಣ ಸರಿ ಮಾಡೋದು ಹೇಗೆ ಸಾರ್?

ಉತ್ತರ: ಮೊದಲು ಡ್ರೈವರಿನ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಮೆಜೆಂಟಾ, ಅಂದರೆ ಗುಲಾಬಿಗೆಂಪು ಇಂಕಿನ ಸ್ಲೈಡರಿನಿಂದ ಕೈ ತೆಗೆಯಿರಿ. ಮೆಜೆಂಟಾ ಹೆಚ್ಚಾಗಿರದೆ, ಹಳದಿ ಕಮ್ಮಿ ಬಿದ್ದರೂ ಹಣ್ಣು ಕೆಂಪಗಾಗುತ್ತೆ.

ಇಂಕು ಉಗುಳುವ ತೂತು ಕಟ್ಟಿದೆಯೇ ಎಂದು ತೋರಿಸುವ ನಾಝಲ್ ಚೆಕ್ ಹಾಳೆ ತೆಗೆಯಿರಿ. ಕಪ್ಪು, ಸಯಾನ್ (ತಿಳಿನೀಲಿ) ಗೆರೆ ಕಡಿದಿದ್ದರೆ ಥಟ್ಟನೆ ಗೊತ್ತಾಗುತ್ತೆ. ಬಿಳಿ ಹಾಳೆ ಮೇಲೆ ಹಳದಿ ಕಡಿದದ್ದು ಕಣ್ಣಿಗೇ ಬೀಳದು. ಷಟರ್ ಇಳಿಸಿ, ಮೊಬೈಲಿನಲ್ಲಿ ಅಚ್ಚ ನೀಲಿ ಚಿತ್ರ ತೆರೆದು ಆ ಬೆಳಕನ್ನು ಹಾಳೆಗೆ ಹಿಡಿಯಿರಿ. ಹಳದಿ ಇಂಕು ನೀಲಿ ಬೆಳಕನ್ನು ನುಂಗುತ್ತೆ, ಹಾಗಾಗಿ ಗೆರೆ ಕಪ್ಪಗೆ ಕಾಣುತ್ತೆ, ನಡುವೆ ಕಡಿದ ಜಾಗವೂ ಎದ್ದು ಕಾಣುತ್ತೆ. ಕಡಿದಿದ್ದರೆ ಹೆಡ್ ಕ್ಲೀನಿಂಗ್ ಮಾಡಿ, ಆದರೆ ಒಂದೇ ಸಮನೆ 3 ಸಲಕ್ಕಿಂತ ಹೆಚ್ಚು ಬೇಡ. ಇಂಕೆಲ್ಲ ಪ್ರಿಂಟರೊಳಗೆ ಇಂಕು ಹೀರುವ ವೇಸ್ಟ್ ಪ್ಯಾಡಿಗೆ ಹೋಗುತ್ತೆ. ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ.

ಸ್ಟಿಕ್ಕರ್ ಹಾಳೆ ಮ್ಯಾಟ್ ಆಗಿದ್ದರೆ ಡ್ರೈವರಿನಲ್ಲೂ ಮ್ಯಾಟ್ ಅಂತಲೇ ಕೊಡಿ. ಎಷ್ಟು ಇಂಕು ಬೀಳಬೇಕೆಂದು ಪ್ರಿಂಟರ್ ಅಳೆಯುವುದು ಅದರಿಂದಲೇ.

ಫೋಟೋಶಾಪ್ ಒಮ್ಮೆ, ಡ್ರೈವರ್ ಇನ್ನೊಮ್ಮೆ ಬಣ್ಣ ತಿದ್ದಿದರೂ ಕೆಂಪೇರುತ್ತೆ. ನಿಮ್ಮ ಹಾಳೆಗೆ ಪ್ರೊಫೈಲ್ (ಆ ಹಾಳೆ, ಇಂಕಿಗೆ ಬಣ್ಣ ಹೊಂದಿಸುವ ಫೈಲ್) ಇಲ್ಲದಿದ್ದರೆ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಆರಿಸಿ. ಇದ್ದರೆ ಫೋಟೋಶಾಪಿಗೆ ಬಿಟ್ಟು, ಡ್ರೈವರಿನ ತಿದ್ದುಪಡಿ ಪೂರ್ತಿ ಆಫ್ ಮಾಡಿ.

ಸ್ಲೈಡರಿನ ಸರದಿ ಈಗ. ಹಣ್ಣನ್ನು ನೋಡಿ ತಿದ್ದಬೇಡಿ. ಮಾವು ಹೇಗಿದ್ದರೂ ಕಣ್ಣು ಒಪ್ಪಿಕೊಂಡುಬಿಡುತ್ತೆ. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮೂರೂ 128 ಇಟ್ಟ ಬೂದು ಚೌಕ, ಪಕ್ಕದಲ್ಲಿ 64, 192ರ ಎರಡು ಚೌಕ ಪ್ರಿಂಟ್ ಹಾಕಿ. ಗ್ರೇಸ್ಕೇಲ್ ಟಿಕ್ ಇರಬಾರದು, ಇದ್ದರೆ ಬಣ್ಣದ ಇಂಕುಗಳ ಜಗಳವೇ ಹೊರಬರದು. ಅರ್ಧ ಗಂಟೆ ಒಣಗಿಸಿ, ಬಾಗಿಲ ಬಳಿ ನೆರಳಿನ ಹಗಲು ಬೆಳಕಲ್ಲಿ ನೋಡಿ. ಬೂದಿಗೆ ಕೆಂಪು ಛಾಯೆ ಇದ್ದರೆ ಮೆಜೆಂಟಾ 2 ಅಂಕ ಇಳಿಸಿ, ಮತ್ತೆ ಪ್ರಿಂಟ್. ಮೂರೂ ಚೌಕ ಬೂದಾಗೇ ಕಂಡರೆ ಹಣ್ಣೂ ಹೆಚ್ಚುಕಮ್ಮಿ ಹಾದಿಗೆ ಬರುತ್ತೆ. ನಡುವಿನ ಚೌಕ ಸರಿಯಿದ್ದು 64ರದ್ದು ಮಾತ್ರ ಕೆಂಪಾದರೆ ಸ್ಲೈಡರಿಂದ ಆಗದ ಕೆಲಸ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇರುವವರಿಂದ ಪ್ರೊಫೈಲ್ ಮಾಡಿಸಿ.

ಆ ಪ್ರೊಫೈಲ್ ಆ ಇಂಕು, ಆ ಹಾಳೆಗೆ ಮಾತ್ರ. ಅಗ್ಗವೆಂದು ಬೇರೆ ಕಂಪನಿಯ ಬಾಟಲ್ ಸುರಿದರೆ ಮತ್ತೆ ಬೂದು ಚೌಕದಿಂದಲೇ ಶುರು.