ಹಳೆಯ ಲ್ಯಾಪ್‌ಟಾಪ್‌ಗೆ ಮೊದಲ ಲಿನಕ್ಸ್ ಯಾವುದು?

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ವಿಂಡೋಸ್ 11 ಇದಕ್ಕೆ ಆಗುವುದಿಲ್ಲ ಎಂದು ತೋರಿಸುತ್ತದೆ. ಲಿನಕ್ಸ್ ಯಾವತ್ತೂ ಬಳಸಿಲ್ಲ. ನೂರಾರು ಹೆಸರುಗಳಲ್ಲಿ ಯಾವುದನ್ನು ಹಾಕಲಿ?

ಲಿನಕ್ಸ್ ಮಿಂಟ್ ಹಾಕಿ. 4 ಜಿಬಿ ರ‍್ಯಾಮ್ ಇರುವುದರಿಂದ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. 8 ಜಿಬಿ ಇದ್ದವರು ಸಿನಮನ್ ಆರಿಸಬಹುದು. ಎರಡರ ಒಳಗಿನ ವ್ಯವಸ್ಥೆ ಒಂದೇ, ಮೇಲೆ ಕಾಣುವ ಡೆಸ್ಕ್‌ಟಾಪ್ ಮಾತ್ರ ಬೇರೆ. ಎಕ್ಸ್‌ಎಫ್‌ಸಿಇ ಕಡಿಮೆ ಮೆಮೊರಿ ಬಳಸುತ್ತದೆ, ಉಳಿದದ್ದು ಬ್ರೌಸರ್‌ಗೆ ಸಿಗುತ್ತದೆ.

ಮಿಂಟ್‌ನಲ್ಲಿ ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು. ವಿಂಡೋಸ್ ಬಳಸಿದವರು ಯಾರನ್ನೂ ಕೇಳದೆ ಕೆಲಸ ಶುರು ಮಾಡಬಹುದು. ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, ಹಾಗಾಗಿ ಉಬುಂಟುಗೆಂದು ಬರೆದ ಪರಿಹಾರಗಳು ಬಹುಪಾಲು ಇಲ್ಲೂ ನಡೆಯುತ್ತವೆ. ಹಾಗಾದರೆ ಉಬುಂಟುವನ್ನೇ ಏಕೆ ಹಾಕಬಾರದು? ಅದೂ ಒಳ್ಳೆಯದೇ, ಆದರೆ ಅದರ ಗ್ನೋಮ್ ಡೆಸ್ಕ್‌ಟಾಪ್ 4 ಜಿಬಿಯಲ್ಲಿ ತಿಣುಕುತ್ತದೆ. ಫೆಡೋರಾ ಎಂಬ ಲಿನಕ್ಸ್‌ನ ಒಂದೊಂದು ಆವೃತ್ತಿಗೂ ಸುಮಾರು 13 ತಿಂಗಳಷ್ಟೇ ಬೆಂಬಲ. ಮನೆಮಂದಿ ಬಳಸುವ ಯಂತ್ರವನ್ನು ವರ್ಷವರ್ಷ ಹೊಸ ಆವೃತ್ತಿಗೆ ಏರಿಸುವ ಕೆಲಸ ಬೇಡ. ಎಲ್ಲವನ್ನೂ ಕೈಯಾರೆ ಜೋಡಿಸಿಕೊಳ್ಳಬೇಕಾದ ಆರ್ಚ್ ಲಿನಕ್ಸ್‌ನ ಸುದ್ದಿಗೆ ಈಗ ಹೋಗಬೇಡಿ.

ಒಂದು ವಿಷಯ ಮೊದಲೇ ತೂಗಿ ನೋಡಿ. ಡೆಸ್ಕ್‌ಟಾಪ್‌ನ ಮೈಕ್ರೋಸಾಫ್ಟ್ ಆಫೀಸ್ ಮತ್ತು ಫೋಟೋಶಾಪ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಅದರ ಬದಲಿಗೆ ಮಿಂಟ್‌ನ ಜೊತೆ ಬರುವ ಲಿಬ್ರೆಆಫೀಸ್ ಪತ್ರ, ಲೆಕ್ಕದ ಹಾಳೆಗಳನ್ನು ತೆರೆಯುತ್ತದೆ. ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲುಗಳು ಮಾತ್ರ ಕೈಕೊಡುತ್ತವೆ. ಜೀವನೋಪಾಯ ಅಂಥ ಫೈಲುಗಳ ಮೇಲೇ ನಿಂತಿದ್ದರೆ ಈ ಯಂತ್ರದಲ್ಲಿ ವಿಂಡೋಸ್ ಅಳಿಸಬೇಡಿ.

ಇನ್ನು, ಒಳಗಿರುವುದು ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಸ್ಲಾಟ್ ಖಾಲಿ ಇದ್ದರೆ 8 ಜಿಬಿ ಮಾಡಿಸಿ. ಯಾವ ಲಿನಕ್ಸ್ ಎನ್ನುವುದಕ್ಕಿಂತ ಇವೆರಡರಿಂದಲೇ ವೇಗ ಹೆಚ್ಚು ಬದಲಾಗುತ್ತದೆ. ಹತ್ತು ಟ್ಯಾಬ್ ತೆರೆದ ಬ್ರೌಸರ್ ಎಲ್ಲ ಲಿನಕ್ಸ್‌ನಲ್ಲೂ ಅಷ್ಟೇ ಮೆಮೊರಿ ತಿನ್ನುತ್ತದೆ.

ಈಗ ಮುಖ್ಯವಾದದ್ದು: ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವುದು. 8 ಜಿಬಿಯ ಪೆನ್‌ಡ್ರೈವ್ ಸಾಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಐಎಸ್‌ಒ ಫೈಲನ್ನು (ಇಡೀ ವ್ಯವಸ್ಥೆ ಅಡಕವಾದ ಫೈಲು) ಅಧಿಕೃತ ತಾಣದಿಂದಲೇ ಇಳಿಸಿಕೊಂಡು ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ; ಬರೀ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ಯಂತ್ರ ಶುರುವಾಗುವಾಗ ಬೂಟ್ ಮೆನು ತೆರೆದು ಪೆನ್‌ಡ್ರೈವ್ ಆರಿಸಬೇಕು: ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪರದೆ ಕಪ್ಪಾಗಿ ನಿಂತರೆ ಬಹುಮಟ್ಟಿಗೆ ಗ್ರಾಫಿಕ್ಸ್ ಚಿಪ್‌ನ ತೊಂದರೆ. ಮೊದಲ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ ಮತ್ತೆ ಪ್ರಯತ್ನಿಸಿ.

ಡೆಸ್ಕ್‌ಟಾಪ್ ಬಂದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಪರೀಕ್ಷಿಸಿ. ವೈಫೈ ಸಿಕ್ಕಿತೇ? ಸ್ಪೀಕರ್, ಮೈಕ್, ಕ್ಯಾಮೆರಾ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಗಳು ಕೆಲಸ ಮಾಡುತ್ತವೆಯೇ? ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ. ಪರದೆಯ ಜೊತೆ ವೈಫೈ ಕೂಡ ಎಚ್ಚರಗೊಳ್ಳಬೇಕು. ಬಹಳ ಜನ ನೋಡದೆ ಬಿಡುವುದು, ಆಮೇಲೆ ಗೋಳಾಡುವುದು ಇದರ ಬಗ್ಗೆಯೇ. ವೈಫೈ ಪಟ್ಟಿಯೇ ಬರದಿದ್ದರೆ ಚಿಪ್ ಬ್ರಾಡ್‌ಕಾಮ್‌ನದ್ದಿರಬಹುದು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಇಂಟರ್‌ನೆಟ್ ಸಿಗುತ್ತದೆ. ಇನ್‌ಸ್ಟಾಲ್ ಆದ ನಂತರ ಡ್ರೈವರ್ ಮ್ಯಾನೇಜರ್‌ನಲ್ಲಿ ಅದರ ಡ್ರೈವರ್ ಹಾಕಿಕೊಳ್ಳಬಹುದು.

ಡಿಸ್ಕ್ ಮುಟ್ಟುವ ಮೊದಲು ಫೋಟೋ, ಕಾಗದಪತ್ರಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ತೆರೆದು ನೋಡಿ. ಇಡೀ ಡಿಸ್ಕ್ ಲಿನಕ್ಸ್‌ಗೇ ಕೊಡುವುದು ಸುಲಭದ ದಾರಿ. ವಿಂಡೋಸ್ ಉಳಿಸಿಕೊಳ್ಳುವುದಾದರೆ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ, ಕನಿಷ್ಠ 50 ಜಿಬಿ ಬಿಡಿಸಿ. ಅದಕ್ಕೂ ಮೊದಲು ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಾದದ್ದು ಕಂಡರೆ ವಿಂಡೋಸ್ ಅದನ್ನೇ ಕೇಳಿ ಕೂರುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಆ ವಿಭಾಗಕ್ಕೆ ಲಿನಕ್ಸ್‌ನಿಂದ ಬರೆಯಲಾಗದು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ಸ್ಟೋರೇಜ್ ಮೋಡ್ ರೇಡ್ ಅಥವಾ ಆರ್‌ಎಸ್‌ಟಿ ಎಂದಿರಬಹುದು, ಇದ್ದರೆ ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಹಾಗೇ ಬದಲಿಸಿದರೆ ಅದು ಬೂಟ್ ಆಗದೆ ನಿಲ್ಲಬಹುದು, ಮೊದಲು ವಿಂಡೋಸ್ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಶುರುವಾಗುವಂತೆ ಹೊಂದಿಸಿಕೊಳ್ಳಿ.

ಇನ್‌ಸ್ಟಾಲ್ ನಡುವೆ ಮಲ್ಟಿಮೀಡಿಯಾ ಕೋಡೆಕ್ ಬೇಕೇ ಎಂದು ಕೇಳಿದಾಗ ಗುರುತು ಹಾಕಿ, ಇಲ್ಲದಿದ್ದರೆ ಕೆಲವು ವಿಡಿಯೋಗಳು ಓಡುವುದಿಲ್ಲ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಅಲ್ಲೇ ಒಂದು ಪಾಸ್‌ವರ್ಡ್ ಕೇಳಬಹುದು. ಅದನ್ನು ನೆನಪಿಡಿ: ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಎಂಒಕೆ (Enroll MOK) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ತಪ್ಪಿಸಿಕೊಂಡರೆ ಎನ್‌ವಿಡಿಯಾ, ಬ್ರಾಡ್‌ಕಾಮ್‌ನಂಥ ಡ್ರೈವರ್‌ಗಳು ಹಾಕಿದ್ದರೂ ಕೆಲಸ ಮಾಡವು. ಆಗ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದೊಂದು ದಾರಿ.

ಕನ್ನಡ ಟೈಪಿಂಗ್‌ಗೆ ಬೇರೆ ತಂತ್ರಾಂಶ ಹುಡುಕಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಕೂಡ ಇದೆ, ಕಗಪ ಕೂಡ ಇದೆ.

ಎಲ್ಲ ಸರಿಯಾದ ದಿನವೇ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸಿಸ್ಟಮ್‌ನ ಪ್ರತಿ) ಇರುವಂತೆ ಹೊಂದಿಸಿ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಅದು ಉಳಿಸುವುದು ಸಿಸ್ಟಮ್ ಅನ್ನು ಮಾತ್ರ. ನಿಮ್ಮ ಫೋಟೋ, ಕಾಗದಪತ್ರಗಳ ಬ್ಯಾಕಪ್ ಬೇರೆ ಡ್ರೈವ್‌ನಲ್ಲಿ ಬೇರೆಯಾಗಿಯೇ ಇರಬೇಕು.